ಮೂರು ತಿಂಗಳಾದರೂ ಮಾಯದ ಹುಣ್ಣಿಗೆ ಮೊದಲು ಹೆಸರು ಹಿಡಿಯಬೇಕು

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಆರೋಗ್ಯ ಪುಟದ ಪ್ರಶ್ನೋತ್ತರದಲ್ಲಿ ಓದುಗರೊಬ್ಬರು, ತಮಗೆ ಮೂರು ತಿಂಗಳಿಂದ ಕೆನ್ನೆಯ ಒಳಭಾಗದಲ್ಲೂ ಅಂಗುಳಿನಲ್ಲೂ ಹುಣ್ಣುಗಳಿವೆ, ಒಸಡಿನ ಪೊರೆ ಸುಲಿದು ಬರುತ್ತದೆ, ಹಲ್ಲುಜ್ಜುವುದಕ್ಕೂ ಆಗುತ್ತಿಲ್ಲ ಎಂದು ಬರೆದುಕೊಂಡಿದ್ದರು. ಬಿ ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಳ್ಳಿ, ಮುಲಾಮು ಹಚ್ಚಿ, ಚಿಂತೆ ಕಡಿಮೆ ಮಾಡಿಕೊಳ್ಳಿ ಎಂಬ ಉತ್ತರ ಅದರ ಕೆಳಗೆ ಪ್ರಕಟವಾಗಿತ್ತು. ಆಗಾಗ ಬಂದು ಹೋಗುವ ಸಾಮಾನ್ಯ ಬಾಯಿ ಹುಣ್ಣಿಗಾದರೆ ಆ ಸಲಹೆಯಲ್ಲಿ ದೋಷವೇನೂ ಇಲ್ಲ. ಆದರೆ ಇದು ಅಂಥ ಹುಣ್ಣಲ್ಲ ಎಂದು ಸಂಶಯಪಡಲು ಬೇಕಾದ ಎರಡು ಸುಳಿವುಗಳನ್ನು ಆ ಓದುಗರು ತಮಗೆ ಅರಿವಿಲ್ಲದೆಯೇ ಕೊಟ್ಟಿದ್ದರು. ಸಾಮಾನ್ಯ ಹುಣ್ಣು ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ. ಮೂರು ತಿಂಗಳು ನಿಲ್ಲುವುದಿಲ್ಲ. ಸಾಮಾನ್ಯ ಹುಣ್ಣಿನಲ್ಲಿ ಒಸಡಿನ ಪೊರೆ ಸುಲಿಯುವುದಿಲ್ಲ.

ದಂತವೈದ್ಯಕೀಯ ಓದಿ, 22 ವರ್ಷಗಳಿಂದ ಬಾಯಿ ಮತ್ತು ದವಡೆಯ ರೋಗನಿದಾನ ವಿಭಾಗದಲ್ಲಿ ಕೆಲಸ ಮಾಡುತ್ತಿರುವವಳು ನಾನು. ಬಾಯಿಯಿಂದ ಕತ್ತರಿಸಿ ಕಳಿಸಿದ ತುಣುಕನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು, ಇದು ಇಂಥ ರೋಗ ಎಂದು ಹೇಳುವುದು ನನ್ನ ನಿತ್ಯದ ಕೆಲಸ. ನನ್ನ ಮೇಜಿಗೆ ಬರುವ ಅಪರೂಪದ ರೋಗಗಳಲ್ಲಿ ಹೆಚ್ಚಿನವು ತಡವಾಗಿಯೇ ಬರುತ್ತವೆ ಎಂಬ ಸಂಕಟ ನನಗೆ ಬಹಳ ಕಾಲದಿಂದ ಇದೆ. ಆ ತಡಕ್ಕೆ ಕಾರಣ ಯಂತ್ರಗಳ ಕೊರತೆಯಲ್ಲ, ಔಷಧದ ಕೊರತೆಯೂ ಅಲ್ಲ. ರೋಗ ಯಾವುದೆಂದು ಗೊತ್ತಾಗುವ ಮೊದಲೇ ಚಿಕಿತ್ಸೆ ಶುರುವಾಗಿಬಿಡುತ್ತದೆ, ಒಂದು ಚಿಕಿತ್ಸೆ ಫಲ ಕೊಡದಿದ್ದರೆ ಅದರ ಹಿಂದೆ ಇನ್ನೊಂದು ಬರುತ್ತದೆ, ಈ ಸರಣಿಯ ನಡುವೆ ಎಲ್ಲಿಯೂ ಯಾರೂ ನಿಂತು, ಹಾಗಾದರೆ ಇದು ಬೇರೆ ಏನಿರಬಹುದು ಎಂದು ಕೇಳುವುದಿಲ್ಲ. ಈ ಪತ್ರದ ಉದ್ದೇಶ ಇಷ್ಟನ್ನು ಹೇಳುವುದು.

ಆ ಓದುಗರು ಹೇಳಿದ ಲಕ್ಷಣಗಳ ಹಿಂದೆ ಇರಬಹುದಾದ ರೋಗಗಳಲ್ಲಿ ನಾನು ಮೊದಲು ನೆನೆಯುವುದು ಪೆಂಫಿಗಸ್ ವಲ್ಗ್ಯಾರಿಸ್ ಎಂಬುದನ್ನು. ಅವರಿಗೆ ಅದೇ ಇದೆ ಎಂದು ಪತ್ರಿಕೆಯಲ್ಲಿ ಓದಿ ಹೇಳುವುದು ತಪ್ಪಾಗುತ್ತದೆ. ಇಲ್ಲವೆಂದು ಖಚಿತಪಡಿಸಿಕೊಳ್ಳದಿರುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ಈ ರೋಗದಲ್ಲಿ ದಾರಿತಪ್ಪಿ, ಚರ್ಮದ ಮತ್ತು ಬಾಯಿಯ ಪೊರೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆ ಎರಗುತ್ತವೆ. ಅಂಟು ಬಿಟ್ಟಮೇಲೆ ಪೊರೆಯೊಳಗೆ ನೀರು ತುಂಬಿ ಬೊಕ್ಕೆ ಏಳುತ್ತದೆ. ಚರ್ಮದ ಮೇಲಾದರೆ ಆ ಬೊಕ್ಕೆ ಕಣ್ಣಿಗೆ ಬೀಳುತ್ತದೆ; ಬಾಯಿಯೊಳಗಾದರೆ ಅಗಿಯುವಾಗಲೋ ಮಾತಾಡುವಾಗಲೋ ಕೂಡಲೇ ಒಡೆದು, ನೋಡುವವರಿಗೆ ಬರೀ ಹುಣ್ಣಾಗಿ ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಈ ರೋಗ ಮೊದಲು ಕಾಣಿಸಿಕೊಳ್ಳುವುದು ಬಾಯಿಯಲ್ಲೇ. ಚರ್ಮದ ಮೇಲೆ ಬೊಕ್ಕೆ ಎದ್ದ ದಿನ ಎಲ್ಲರೂ ಎಚ್ಚರಗೊಳ್ಳುತ್ತಾರೆ, ಆದರೆ ಅದಕ್ಕೆ ಎಷ್ಟೋ ತಿಂಗಳು ಮೊದಲೇ ಬಾಯಿ ಹೇಳಿರುತ್ತದೆ.

ಸೂಕ್ಷ್ಮದರ್ಶಕದಲ್ಲಿ ಈ ರೋಗವನ್ನು ಒಮ್ಮೆ ನೋಡಿದವರು ಮರೆಯಲಾರರು. ಪೊರೆಯ ಮೇಲಿನ ಕೋಶಗಳೆಲ್ಲ ಕೈಬಿಟ್ಟು, ದುಂಡಗಾಗಿ, ನೀರಿನಲ್ಲಿ ಒಂಟಿಯಾಗಿ ತೇಲುತ್ತಿರುತ್ತವೆ; ತಳದ ಒಂದೇ ಒಂದು ಸಾಲು ಮಾತ್ರ ನೆಲಕ್ಕೆ ಕಚ್ಚಿಕೊಂಡು, ಸಮಾಧಿ ಕಲ್ಲುಗಳನ್ನು ನಿಲ್ಲಿಸಿದ ಹಾಗೆ ನಿಂತಿರುತ್ತದೆ. ಇನ್ನೊಂದು ತುಣುಕಿಗೆ ಪ್ರತಿದೀಪಕ (ಫ್ಲೋರೆಸೆಂಟ್) ಬಣ್ಣ ಸೇರಿಸಿ ಕತ್ತಲೆ ಕೋಣೆಯಲ್ಲಿ ನೋಡಿದರೆ, ಪ್ರತಿಯೊಂದು ಕೋಶದ ಅಂಚಿನಲ್ಲೂ ಕುಳಿತ ಪ್ರತಿಕಾಯಗಳು ಹಸಿರಾಗಿ ಹೊಳೆದು ಮೀನಿನ ಬಲೆ ಹರಡಿದಂತೆ ಕಾಣುತ್ತದೆ. ಆ ಬಲೆ ಕಂಡಿತೆಂದರೆ ಅನುಮಾನಕ್ಕೆ ಹೆಚ್ಚು ಎಡೆಯಿರುವುದಿಲ್ಲ. ಆದರೆ ಅದು ಕಾಣಬೇಕಾದರೆ ತುಣುಕನ್ನು ಹುಣ್ಣಿನ ನಡುವಿನಿಂದಲ್ಲ, ಅದರ ಪಕ್ಕದಲ್ಲಿ ಪೊರೆ ಇನ್ನೂ ಉಳಿದಿರುವ ಜಾಗದಿಂದ ತೆಗೆಯಬೇಕು. ಪ್ರತಿದೀಪಕ ಪರೀಕ್ಷೆಯ ತುಣುಕನ್ನು, ತುಣುಕು ಕೆಡದಂತೆ ಸಾಮಾನ್ಯವಾಗಿ ಬಳಸುವ ದ್ರವವಾದ ಫಾರ್ಮಲಿನ್‌ಗೆ ಹಾಕದೆ ಅದಕ್ಕೆಂದೇ ಇರುವ ಮಿಶೆಲ್ ದ್ರಾವಣದಲ್ಲಿ ಕಳಿಸಬೇಕು. ಹುಣ್ಣಿನ ನಟ್ಟನಡುವಿನಿಂದ ಕತ್ತರಿಸಿ, ಫಾರ್ಮಲಿನ್ ಸೀಸೆಯಲ್ಲಿ ಹಾಕಿ, ಜೊತೆಗಿರುವ ಚೀಟಿಯಲ್ಲಿ ‘ಹುಣ್ಣು’ ಎಂಬ ಒಂದೇ ಪದ ಬರೆದು ಕಳಿಸಿದ ತುಣುಕುಗಳು ನನಗೆ ಈಗಲೂ ಬರುತ್ತವೆ. ಅಂಥ ತುಣುಕಿನಲ್ಲಿ ಪೊರೆಯೇ ಇರುವುದಿಲ್ಲ, ನಿರ್ದಿಷ್ಟ ಲಕ್ಷಣವಿಲ್ಲದ ಹುಣ್ಣು ಎಂದು ಬರೆದು ಕಳಿಸುವುದಲ್ಲದೆ ನನಗೆ ದಾರಿಯಿರುವುದಿಲ್ಲ. ಆ ವರದಿ ಹಿಡಿದು ರೋಗಿ, ಸದ್ಯ ಏನೂ ಇಲ್ಲವಂತೆ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಹೋಗುತ್ತಾರೆ. ನನ್ನ ಕೈಯಿಂದ ಹೊರಟ ಆ ಕಾಗದ ಅವರ ಇನ್ನೊಂದೆರಡು ತಿಂಗಳನ್ನು ನುಂಗಿತೆಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಈ ತಿಂಗಳುಗಳಿಗೆ ಬೆಲೆಯಿದೆ. 1950ರ ದಶಕದಲ್ಲಿ ಸ್ಟೀರಾಯ್ಡ್‌ಗಳು ಬರುವ ಮೊದಲು ಈ ರೋಗ ಬಂದವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. ಇಂದು ಸ್ಟೀರಾಯ್ಡ್ ಜೊತೆಗೆ, ಪ್ರತಿಕಾಯ ತಯಾರಿಸುವ ಕೋಶಗಳ ಮೂಲವನ್ನೇ ತಗ್ಗಿಸುವ ರಿಟುಕ್ಸಿಮ್ಯಾಬ್ ಇದೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ರೋಗಕ್ಕೆ ಅದನ್ನು ಒಪ್ಪಿತು. ಬೇಗ ಹಿಡಿದರೆ ಕಡಿಮೆ ಔಷಧದಲ್ಲಿ ಹತೋಟಿಗೆ ತರಬಹುದು. ಇದರ ಹತ್ತಿರದ ಇನ್ನೊಂದು ರೋಗವಾದ ಮ್ಯೂಕಸ್ ಮೆಂಬ್ರೇನ್ ಪೆಂಫಿಗಾಯ್ಡ್‌ನಲ್ಲಿ ಒಸಡು ಸುಲಿಯುವುದರ ಜೊತೆಗೆ ಕಣ್ಣಿನ ರೆಪ್ಪೆಯ ಒಳಪೊರೆಯೂ ಗಾಯವಾಗಿ ಅಂಟಿಕೊಳ್ಳಬಹುದು, ತಡಮಾಡಿದರೆ ದೃಷ್ಟಿಯೇ ಹೋಗಬಹುದು. ಒಸಡಿನ ಬಯಾಪ್ಸಿಯೊಂದು ಕಣ್ಣನ್ನು ಉಳಿಸಬಲ್ಲದು ಎಂದರೆ ಉತ್ಪ್ರೇಕ್ಷೆಯಲ್ಲ.

ಇನ್ನು ನೋವಿನ ವಿಷಯ. ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಮನೆಯಲ್ಲಿ ಕಂಡಿದ್ದೆ. ನಾನು ಎರಡನೇ ವರ್ಷದ ವಿದ್ಯಾರ್ಥಿನಿಯಾಗಿದ್ದಾಗ ನನ್ನ ಚಿಕ್ಕಮ್ಮನಿಗೆ ಬಲಗಡೆಯ ಕೆಳದವಡೆಯಲ್ಲಿ ನೋವು ಶುರುವಾಯಿತು. ಮಾತಾಡುತ್ತ ಮಾತಾಡುತ್ತ ಅವರು ಥಟ್ಟನೆ ನಿಲ್ಲಿಸಿ, ಅಂಗೈಯನ್ನು ಕೆನ್ನೆಯ ಹತ್ತಿರ ತಂದು, ಮುಟ್ಟದೆ, ಒಂದು ಬೆರಳಿನಷ್ಟು ದೂರದಲ್ಲೇ ಹಿಡಿದು, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಕೆಲವು ಸೆಕೆಂಡು ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸುತ್ತಿದ್ದರು. ಮೊದಲು ಒಂದು ದವಡೆ ಹಲ್ಲು ಕೀಳಿಸಿದರು, ನೋವು ಹೋಗಲಿಲ್ಲ, ಪಕ್ಕದ ಹಲ್ಲಿಗೆ ರೂಟ್ ಕೆನಾಲ್ ಆಯಿತು, ಆಮೇಲೆ ಅದನ್ನೂ ಕಿತ್ತರು, ಮೂರನೆಯದೂ ಹೋಯಿತು. ಮೂರೂ ಗಟ್ಟಿಮುಟ್ಟಾದ ಹಲ್ಲುಗಳು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ಹೆಸರು ಸಿಕ್ಕಿದ್ದು ಒಂದೂವರೆ ವರ್ಷದ ನಂತರ, ನರರೋಗ ತಜ್ಞರೊಬ್ಬರ ಬಳಿ, ಐದು ನಿಮಿಷದ ಮಾತುಕತೆಯಲ್ಲಿ.

ಮುಖದ ಸಂವೇದನೆಯನ್ನು ಹೊರುವ ಐದನೆಯ ಕಪಾಲ ನರದ ಈ ರೋಗಕ್ಕೆ ತನ್ನದೇ ಗುರುತುಗಳಿವೆ. ನೋವು ಕರೆಂಟ್ ಹೊಡೆದಂತೆ ಬಂದು ಕ್ಷಣದಿಂದ ಎರಡು ನಿಮಿಷದೊಳಗೆ ಹೋಗುತ್ತದೆ, ಮುಖದ ಒಂದೇ ಕಡೆ ಇರುತ್ತದೆ. ಮುಖ ತೊಳೆಯುವುದು, ಹಲ್ಲುಜ್ಜುವುದು, ಗಾಳಿ ತಾಗುವುದು ಇಂಥ ಹಗುರವಾದ ಸ್ಪರ್ಶವೇ ಅದನ್ನು ಎಬ್ಬಿಸುತ್ತದೆ. ಹುಳುಕು ಹಲ್ಲಿನ ನೋವಾದರೆ ಬಿಸಿಗೋ ತಣ್ಣಗಿನದಕ್ಕೋ ಕೆರಳಿ ಬಹಳ ಹೊತ್ತು ಕುಟ್ಟುತ್ತಿರುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ಕೆನ್ನೆಯನ್ನು ಅದುಮಿ ಹಿಡಿದುಕೊಳ್ಳುವ ರೋಗಿಗೂ ಮುಟ್ಟಲು ಹೆದರುವ ರೋಗಿಗೂ ಇರುವ ಈ ವ್ಯತ್ಯಾಸವನ್ನು ಬಾಗಿಲಲ್ಲಿ ನಿಂತೇ ನೋಡಬಹುದು. ಕಾರ್ಬಮಾಜೆಪಿನ್ ಎಂಬ ಔಷಧಕ್ಕೆ ಬಹುತೇಕರಲ್ಲಿ ಈ ನೋವು ಮೊದಮೊದಲು ಚೆನ್ನಾಗಿ ಬಗ್ಗುತ್ತದೆ. ಆದರೆ ಏಷ್ಯಾ ಮೂಲದ ಕೆಲವರಲ್ಲಿ ಕಂಡುಬರುವ ಒಂದು ವಂಶವಾಹಿ ಗುಣ ಇದ್ದವರಿಗೆ ಅದರಿಂದ ಚರ್ಮ ಸುಲಿಯುವ ಪ್ರಾಣಾಪಾಯದ ಪ್ರತಿಕ್ರಿಯೆ ಆಗಬಹುದಾದ್ದರಿಂದ ಮೊದಲೇ ರಕ್ತ ಪರೀಕ್ಷೆ ಮಾಡಿಸುವುದು, ಶುರುಮಾಡಿದ ಮೇಲೆ ರಕ್ತಕಣಗಳನ್ನೂ ಸೋಡಿಯಂ ಮಟ್ಟವನ್ನೂ ಗಮನಿಸುತ್ತಿರುವುದು ವೈದ್ಯರ ಹೊಣೆ. ಎಂಆರ್‌ಐ ಮಾಡಿಸಿ, ನರವನ್ನು ರಕ್ತನಾಳ ಒತ್ತುತ್ತಿದೆಯೇ, ಗೆಡ್ಡೆಯಿದೆಯೇ, ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗ ಇದೆಯೇ ಎಂದು ನೋಡುವುದೂ ಬೇಕು. ರಕ್ತನಾಳದ ಒತ್ತಡವಿದ್ದು ಔಷಧ ಸಾಲದಾದಾಗ ಶಸ್ತ್ರಚಿಕಿತ್ಸೆಯಿಂದ ಆ ಎರಡರ ನಡುವೆ ಮೆತ್ತನೆಯ ತಡೆ ಇಡುತ್ತಾರೆ. ಇಷ್ಟೆಲ್ಲದರಲ್ಲಿ ಹಲ್ಲು ಕೀಳುವ ಪ್ರಸಂಗ ಎಲ್ಲಿಯೂ ಬರುವುದಿಲ್ಲ.

ದವಡೆಯ ಮೂಳೆಯೊಳಗಿನ ರೋಗಗಳ ಮಾತು ಇನ್ನೂ ಸೂಕ್ಷ್ಮ, ಏಕೆಂದರೆ ಅವು ನೋಯುವುದೇ ಕಡಿಮೆ. ಎಕ್ಸ್-ರೇಯಲ್ಲಿ ಹಲ್ಲಿನ ಬೇರಿನ ತುದಿಗೆ ಕಪ್ಪು ನೆರಳು ಕಂಡರೆ ಕೀವುಗೂಡೆಂದು ತಿಳಿಯುವುದು ನಮ್ಮ ರೂಢಿ, ಹೆಚ್ಚಿನ ಸಲ ಅದು ಸರಿಯೂ ಹೌದು. ಆದರೆ ಆ ಹಲ್ಲು ಸತ್ತಿದೆಯೇ ಬದುಕಿದೆಯೇ ಎಂದು ತಂಪು ತಾಗಿಸಿ ನೋಡುವ ಅರ್ಧ ನಿಮಿಷದ ಪರೀಕ್ಷೆಯನ್ನು ಬಿಡಬಾರದು. ಸೋಂಕು ಬೇರಿನ ತುದಿಗೆ ಇಳಿಯಬೇಕಾದರೆ ಹಲ್ಲಿನ ಒಳಗಿನ ಜೀವ ಮೊದಲು ಹೋಗಿರಬೇಕು. ಹಲ್ಲು ತಂಪಿಗೆ ಚುರುಕ್ಕೆನ್ನುತ್ತಿದ್ದರೆ ನೆರಳಿಗೆ ಬೇರೆ ಕಾರಣ ಹುಡುಕಬೇಕು. ನಡುವಯಸ್ಸಿನ ಹೆಂಗಸರ ಕೆಳಗಿನ ಮುಂದಿನ ಹಲ್ಲುಗಳ ಬೇರಿನ ಬಳಿ ಇಂಥ ನೆರಳು ತರುವ ಸಿಮೆಂಟೊ-ಆಸಿಯಸ್ ಡಿಸ್‌ಪ್ಲೇಸಿಯಾ ಎಂಬ ಸ್ಥಿತಿಗೆ ಸಾಮಾನ್ಯವಾಗಿ ಯಾವ ಚಿಕಿತ್ಸೆಯೂ ಬೇಡ. ಅಲ್ಲಿ ರೂಟ್ ಕೆನಾಲ್ ಮಾಡಿದರೆ ಆರೋಗ್ಯವಂತ ಹಲ್ಲನ್ನು ಕೊಂದಂತಾಗುತ್ತದೆ, ಬಯಾಪ್ಸಿಗೆಂದು ಕೆದಕಿದರೆ ರಕ್ತಸಂಚಾರ ಕಡಿಮೆಯಿರುವ ಆ ಮೂಳೆಗೆ ನಂಜೇರಬಹುದು. ಬಯಾಪ್ಸಿ ಮಾಡಿ ಎಂದು ವಾದಿಸುತ್ತಿರುವ ನಾನೇ ಇದನ್ನು ಹೇಳಬೇಕು: ಹೆಸರು ಹಿಡಿಯುವುದೆಂದರೆ ಯಾವಾಗಲೂ ಕತ್ತರಿಸುವುದೆಂದಲ್ಲ.

ಅದೇ ನೆರಳು ಬುದ್ಧಿಹಲ್ಲಿನ ಹಿಂದೆ ಸೋಪಿನ ಗುಳ್ಳೆಗಳ ಗುಂಪಿನಂತೆ ಕಂಡರೆ ಅಮೆಲೋಬ್ಲಾಸ್ಟೋಮ ಇರಬಹುದು. ಇದು ಕ್ಯಾನ್ಸರ್ ಅಲ್ಲ, ಆದರೆ ಮೂಳೆಯೊಳಗೆ ಸದ್ದಿಲ್ಲದೆ ಬೇರಿಳಿಸುತ್ತ ಹೋಗುವ ಗೆಡ್ಡೆ. ಬರೀ ಕೆರೆದು ತೆಗೆದರೆ ಮತ್ತೆ ಮತ್ತೆ ಬರುತ್ತದೆ, ಹತ್ತು ವರ್ಷದ ನಂತರವೂ ಮರಳಿದ್ದುಂಟು. ಆದ್ದರಿಂದ ಸಾಮಾನ್ಯವಾಗಿ ಸುತ್ತಲಿನ 1ರಿಂದ 2 ಸೆಂಟಿಮೀಟರ್ ಆರೋಗ್ಯವಂತ ಮೂಳೆಯನ್ನೂ ಸೇರಿಸಿ ತೆಗೆದು, ಬೇಕಾದರೆ ಕಾಲಿನ ಫಿಬ್ಯುಲಾ ಮೂಳೆಯನ್ನು ಅದರ ರಕ್ತನಾಳದ ಸಮೇತ ತಂದು ದವಡೆಯನ್ನು ಕಟ್ಟುತ್ತಾರೆ. ಈ ಗೆಡ್ಡೆಗಳಲ್ಲಿ ಬಹಳಷ್ಟಕ್ಕೆ ಬ್ರಾಫ್ ಎಂಬ ವಂಶವಾಹಿಯ ಬದಲಾವಣೆಯೊಂದು ಕಾರಣವೆಂದು 2014ರಲ್ಲಿ ಗೊತ್ತಾದ ಮೇಲೆ, ಶಸ್ತ್ರಚಿಕಿತ್ಸೆ ಕಷ್ಟವಾದವರಿಗೆ ಅದನ್ನು ತಡೆಯುವ ಮಾತ್ರೆಗಳನ್ನು ಕೊಟ್ಟು ಗೆಡ್ಡೆ ಕುಗ್ಗಿಸುವ ಪ್ರಯತ್ನಗಳೂ ನಡೆದಿವೆ. ಇನ್ನೊಂದು ಗೆಡ್ಡೆ ಕಂದು ಬಣ್ಣದ್ದು, ದೈತ್ಯಕೋಶಗಳಿಂದ ತುಂಬಿದ್ದು. ಸೂಕ್ಷ್ಮದರ್ಶಕ ಅದನ್ನು ದವಡೆಯ ಗೆಡ್ಡೆಯೆಂದೇ ತೋರಿಸುತ್ತದೆ, ಆದರೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಸ್ರವಿಸುವುದರಿಂದಲೂ ಅದೇ ಚಿತ್ರ ಬರುತ್ತದೆ. ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡದೆ ದವಡೆ ಕತ್ತರಿಸಿದರೆ ತಪ್ಪು ಜಾಗಕ್ಕೆ ಕತ್ತಿ ಹಾಕಿದಂತೆ, ಏಕೆಂದರೆ ಗ್ರಂಥಿಯನ್ನು ಸರಿಪಡಿಸಿದರೆ ದವಡೆ ಸಾಮಾನ್ಯವಾಗಿ ತಾನೇ ತುಂಬಿಕೊಳ್ಳುತ್ತದೆ.

ಅತಿಯಾದ ಚಿಕಿತ್ಸೆಯ ಅಪಾಯಕ್ಕೆ ಇನ್ನೊಂದು ಉದಾಹರಣೆ ಕೊಡದೆ ಇರಲಾರೆ. ಅಂಗುಳಿನ ಮೇಲೆ ಕೆಲವೇ ದಿನಗಳಲ್ಲಿ ಗುಂಡಿಯಂಥ ಆಳವಾದ ಹುಣ್ಣು ಬೀಳುವ ನೆಕ್ರೊಟೈಸಿಂಗ್ ಸಯಲೋಮೆಟಾಪ್ಲೇಸಿಯಾ ಎಂಬ ಸ್ಥಿತಿಯನ್ನು 1973ರಲ್ಲಿ ಮೊದಲ ಬಾರಿಗೆ ವಿವರಿಸಲಾಯಿತು. ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ ಅದು ಕ್ಯಾನ್ಸರಿನಂತೆಯೇ ಕಾಣುತ್ತದೆ, ಆದರೆ 6ರಿಂದ 10 ವಾರದಲ್ಲಿ ತಾನಾಗಿ ಮಾಯುತ್ತದೆ. ಕ್ಯಾನ್ಸರೆಂದು ತಿಳಿದು ಅಂಗುಳನ್ನು ಕತ್ತರಿಸಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ತುಣುಕಿನ ತೆಳುಪದರ ಅಂಟಿಸಿದ ಆ ಗಾಜಿನ ಸ್ಲೈಡನ್ನು ಬಾಯಿಯ ರೋಗಗಳನ್ನೇ ದಿನವೂ ನೋಡುವ ಇನ್ನೊಬ್ಬರಿಗೆ ತೋರಿಸಿ ಎಂದು ರೋಗಿ ಕೇಳಿದರೆ ಯಾವ ವೈದ್ಯರೂ ಬೇಸರಪಡಬಾರದು. ನನ್ನ ಸ್ಲೈಡ್‌ಗಳನ್ನು ಬೇರೆಯವರು ನೋಡಿ ನನ್ನ ತಪ್ಪನ್ನು ತಿದ್ದಿದಾಗ ನಾನು ಕೃತಜ್ಞಳಾಗಿದ್ದೇನೆ.

ಮಕ್ಕಳ ಬಗ್ಗೆ ಒಂದು ಮಾತು. ಒಮ್ಮೆ ತಾಯಿಯೊಬ್ಬರು ಕಾಗದದ ಪೊಟ್ಟಣ ಬಿಚ್ಚಿ ಎರಡು ಹಾಲುಹಲ್ಲುಗಳನ್ನು ನನ್ನ ಮೇಜಿನ ಮೇಲಿಟ್ಟರು. ಮಗುವಿಗೆ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಸಮಯಕ್ಕೆ ಬೀಳುವ ಹಾಲುಹಲ್ಲಿನ ಬೇರು ಕರಗಿ ಹೋಗಿರುತ್ತದೆ, ಬರೀ ಟೊಪ್ಪಿಯಂಥ ತುದಿ ಉಳಿದಿರುತ್ತದೆ. ಈ ಎರಡಕ್ಕೂ ಉದ್ದನೆಯ ಬೇರು ಪೂರ್ತಿ ಇತ್ತು, ಯಾರೋ ಗಿಡವನ್ನು ಬುಡಸಮೇತ ಕಿತ್ತಂತೆ. ಐದು ವರ್ಷಕ್ಕೆ ಮೊದಲು, ಪೆಟ್ಟೂ ಬೀಳದೆ, ಬೇರಿನ ಸಮೇತ ಹಲ್ಲು ಉದುರಿದರೆ ಹೈಪೊಫಾಸ್ಫಟೇಸಿಯಾ ಎಂಬ ಹುಟ್ಟಿನಿಂದ ಬರುವ ರೋಗವನ್ನು ನೆನೆಯಬೇಕು. ಇದರಲ್ಲಿ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕಡಿಮೆಯಿರುತ್ತದೆ. ಮಕ್ಕಳಲ್ಲಿ ಅದು ದೊಡ್ಡವರಿಗಿಂತ ಸಹಜವಾಗಿಯೇ ಹೆಚ್ಚಿರಬೇಕಾದ್ದರಿಂದ, ದೊಡ್ಡವರ ಅಳತೆಯಲ್ಲಿ ಸರಿಯೆನಿಸುವ ಅಂಕಿ ಮಗುವಿಗೆ ತೀರ ಕಡಿಮೆಯಾಗಿರಬಹುದು. ವರದಿಯಲ್ಲಿ ಯಾರೂ ಅದರ ಕೆಳಗೆ ಗೆರೆ ಎಳೆದಿರುವುದಿಲ್ಲ. ಮೂಳೆಗಳನ್ನೂ ಬಾಧಿಸುವ ಈ ರೋಗಕ್ಕೆ ಆಸ್ಫೋಟೇಸ್ ಆಲ್ಫಾ ಎಂಬ ಚುಚ್ಚುಮದ್ದು 2015ರಿಂದ ಇದೆ. ಅಂಗೈ, ಅಂಗಾಲು ದಪ್ಪಗಟ್ಟಿ ಒಡೆದು, ಜೊತೆಗೆ ಹಲ್ಲೂ ಸಡಿಲವಾದರೆ 1924ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ವಿವರಿಸಿದ ಪ್ಯಾಪಿಯೋ-ಲೆಫೆವ್ರ್ ಸಿಂಡ್ರೋಮ್ ಇರಬಹುದು. ಉದುರಿದ ಹಲ್ಲನ್ನು ಎಸೆಯದೆ ತಂದ ಆ ತಾಯಿ ಮಗುವಿಗೆ ದೊಡ್ಡ ಉಪಕಾರ ಮಾಡಿದ್ದರು.

ದೊಡ್ಡವರಲ್ಲಿ ಗದ್ದ ಮತ್ತು ಕೆಳತುಟಿಯ ಒಂದು ಕಡೆ ಕಾರಣವಿಲ್ಲದೆ ಜೋಮು ಹಿಡಿದು ಹಾಗೇ ಉಳಿದರೆ, ನೋವಿಲ್ಲವೆಂದು ಸುಮ್ಮನಿರಬಾರದು. ದೇಹದ ಬೇರೆಡೆಯ ಕ್ಯಾನ್ಸರ್ ದವಡೆಗೆ ಹರಡಿದ್ದರ ಮೊದಲ ಗುರುತು ಅದಾಗಿರಬಹುದು. ಮೂಳೆ ಸವೆತಕ್ಕೆ ಅಥವಾ ಮೂಳೆಗೆ ಹರಡಿದ ಕ್ಯಾನ್ಸರಿಗೆ ಬಿಸ್‌ಫಾಸ್ಫೊನೇಟ್ ತೆಗೆದುಕೊಳ್ಳುವವರಲ್ಲಿ ಹಲ್ಲು ಕಿತ್ತ ಗಾಯ ಮಾಯದೆ, ದವಡೆಯ ಮೂಳೆ ಎಂಟು ವಾರಕ್ಕಿಂತ ಹೆಚ್ಚು ಕಾಲ ಬತ್ತಲೆಯಾಗಿ ಉಳಿಯುವುದನ್ನು 2003ರಲ್ಲಿ ಗುರುತಿಸಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಕಿಪೊಟ್ಟಣದ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆ ಕುಡಿದ ಕಾರ್ಮಿಕರ ದವಡೆಗಳೂ ಹೀಗೇ ಕೊಳೆಯುತ್ತಿದ್ದವು; 1845ರಲ್ಲಿ ವಿಯೆನ್ನಾದ ವೈದ್ಯರೊಬ್ಬರು ಬರೆದಿಟ್ಟ ಮೇಲೂ ಆ ರಂಜಕವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಆಗಲು 1906ರವರೆಗೆ ಕಾಯಬೇಕಾಯಿತು. ಇಂದಿನ ಔಷಧಗಳ ವಿಷಯದಲ್ಲಿ ಪರಿಹಾರ ಸುಲಭ. ಔಷಧ ಶುರುಮಾಡುವ ಮೊದಲೇ ಹಲ್ಲಿನ ತಪಾಸಣೆ ಮುಗಿಸಬೇಕು, ದಂತವೈದ್ಯರ ಬಳಿ ಕುಳಿತಾಗ ತಾವು ತೆಗೆದುಕೊಳ್ಳುತ್ತಿರುವ ಮಾತ್ರೆ, ಚುಚ್ಚುಮದ್ದುಗಳನ್ನೆಲ್ಲ ಹೇಳಬೇಕು. ಮೂಳೆ ಸವೆತಕ್ಕೆ ತೆಗೆದುಕೊಳ್ಳುವವರಲ್ಲಿ ಈ ಅಪಾಯ ತೀರ ಕಡಿಮೆ, ಆದ್ದರಿಂದ ಹೆದರಿ ಔಷಧವನ್ನು ತಾವಾಗಿ ನಿಲ್ಲಿಸಬಾರದು.

ಯುರೋಪಿನಲ್ಲಿ 2000 ಜನರಿಗೆ ಒಬ್ಬರಿಗಿಂತ ಹೆಚ್ಚಿಲ್ಲದಿದ್ದರೆ ಅದನ್ನು ಅಪರೂಪದ ರೋಗವೆನ್ನುತ್ತಾರೆ. ಇಂಥ ಯಾವ ಒಂದು ರೋಗವನ್ನೂ ಒಬ್ಬ ದಂತವೈದ್ಯ ತನ್ನ ಜೀವಮಾನದಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ನೋಡದಿರಬಹುದು, ಆದ್ದರಿಂದ ಹೆಸರು ಹೊಳೆಯದಿರುವುದು ಅಪರಾಧವಲ್ಲ. ಆದರೆ ಎರಡು ವಾರಕ್ಕೆ ಮಾಯದ ಹುಣ್ಣನ್ನು ಗುರುತಿಸಲು, ಜೀವಂತ ಹಲ್ಲನ್ನು ಕೀಳದಿರಲು, ದವಡೆಯಿಂದ ಕೆರೆದು ತೆಗೆದ ಸಿಸ್ಟ್ ಎಂಬ ದ್ರವ ತುಂಬಿದ ಚೀಲವನ್ನು ಕಸದ ಬುಟ್ಟಿಗೆ ಹಾಕದೆ ಪರೀಕ್ಷೆಗೆ ಕಳಿಸಲು ರೋಗದ ಹೆಸರು ಗೊತ್ತಿರಬೇಕಿಲ್ಲ. ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ, ಸೀಸೆಯ ಜೊತೆಗಿನ ಚೀಟಿಯಲ್ಲಿ ನಾಲ್ಕು ಸಾಲು ಬರೆಯಿರಿ: ಎಷ್ಟು ದಿನದಿಂದ ಇದೆ, ಎಲ್ಲಿಂದ ತೆಗೆದಿರಿ, ಚರ್ಮ ಅಥವಾ ಕಣ್ಣಿನಲ್ಲಿ ಏನಾದರೂ ಇದೆಯೇ, ಯಾವ ಔಷಧ ಈಗಾಗಲೇ ಕೊಟ್ಟಿದ್ದೀರಿ. ಎಕ್ಸ್-ರೇಯನ್ನೂ ಜೊತೆಗಿಡಿ, ಮೂಳೆಯ ರೋಗವನ್ನು ಎಕ್ಸ್-ರೇ ನೋಡದೆ ಹೇಳುವುದು ನಮಗೆ ಸಾಧ್ಯವಿಲ್ಲ. ರೋಗಿಗಳು ಹುಣ್ಣು ಕಾಣಿಸಿಕೊಂಡ ತಾರೀಖನ್ನು ಬರೆದಿಟ್ಟುಕೊಳ್ಳಲಿ, ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಲಿ, ಹಳೆಯ ವರದಿಗಳನ್ನೂ ಎಕ್ಸ್-ರೇಗಳನ್ನೂ ಒಂದೇ ಕಡೆ ಇಟ್ಟು ಹೊಸ ವೈದ್ಯರಿಗೆ ಮೊದಲು ಅದನ್ನೇ ತೋರಿಸಲಿ.

ಕೊನೆಯದಾಗಿ ನಿಮ್ಮಲ್ಲೊಂದು ಬೇಡಿಕೆ. ಆ ಪ್ರಶ್ನೆ ಕೇಳಿದ ಓದುಗರು ನಿಮ್ಮ ಮುಂದಿನ ಆರೋಗ್ಯ ಪುಟವನ್ನು ನೋಡಿಯೇ ನೋಡುತ್ತಾರೆ. ಅದರಲ್ಲಿ ಹಿಂದಿನ ಉತ್ತರದ ತಿದ್ದುಪಡಿಯಾಗಿ ಈ ಎರಡು ವಾಕ್ಯಗಳನ್ನು ದಯವಿಟ್ಟು ಪ್ರಕಟಿಸಿ: ‘ನಿಮ್ಮ ಹುಣ್ಣು ಎರಡು ವಾರ ದಾಟಿರುವುದರಿಂದಲೂ ಒಸಡು ಸುಲಿಯುತ್ತಿರುವುದರಿಂದಲೂ ಮುಲಾಮಿನ ಮೇಲೆ ಭರವಸೆ ಇಟ್ಟು ಕಾಯದೆ, ಈ ವಾರವೇ ಬಾಯಿ ರೋಗಗಳ ತಜ್ಞರನ್ನು ಅಥವಾ ಚರ್ಮರೋಗ ತಜ್ಞರನ್ನು ಕಂಡು ಬಯಾಪ್ಸಿ ಮತ್ತು ಪ್ರತಿದೀಪಕ ಪರೀಕ್ಷೆ ಎರಡರ ಬಗ್ಗೆಯೂ ಕೇಳಿ. ಕಣ್ಣು ಉರಿಯುತ್ತಿದ್ದರೆ ಅಥವಾ ಮೈಮೇಲೆ ಬೊಕ್ಕೆ ಎದ್ದಿದ್ದರೆ ಅದನ್ನೂ ಮರೆಯದೆ ಹೇಳಿ.’

ಇಂತಿ ತಮ್ಮ ವಿಶ್ವಾಸಿ,
ಬಾಯಿ ಮತ್ತು ದವಡೆಯ ರೋಗನಿದಾನ ವಿಭಾಗದ ವೈದ್ಯೆ